ಡಬ್ಬಿಯೊಳಗಿನ ಎಳ್ಳಮಾವಾಸ್ಯೆ

ಇಂಡಿ ಬಸ್ ನಿಲ್ದಾಣದ ಎದುರಿಗೆ ಝೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದ ಮಡಿವಾಳಪ್ಪನಿಗೆ ಯಾವ ಕಾಗದ ಕೊಟ್ಟರೂ ಕಣ್ಣು ಮಿಟುಕಿಸುವುದರೊಳಗೆ ಎರಡು ಮಾಡಿಕೊಡುವ ಶಕ್ತಿಯಿತ್ತು. ಆದರೆ ಹೆಂಡತಿಯ ಒಂದು ಮಾತನ್ನು ಅರ್ಧ ಮಾಡುವ ಶಕ್ತಿ ಮಾತ್ರ ಮದುವೆಯಾದಾಗಿನಿಂದಲೂ ಅವನಿಗೆ ಒಲಿದಿರಲಿಲ್ಲ. ಅಂಥ ಮಾತೊಂದು ಎಳ್ಳಮಾವಾಸ್ಯೆ ಇನ್ನೂ ದೂರವಿರುವಾಗಲೇ ಅವನ ಊಟದ ತಾಟಿನ ಮುಂದೆ ಬಂದು ಕುಳಿತಿತು.

“ಈ ವರ್ಷ ಅಮಾಸಿಗೆ ನಾ ಒಲಿ ಮುಂದ ಕೂಡಂಗಿಲ್ಲ,” ಎಂದಳು ಸುವರ್ಣಾ, ಅವನ ತಾಟಿಗೆ ರೊಟ್ಟಿ ಹಾಕುತ್ತ.

“ಮತ್ತ ಎಲ್ಲಿ ಕೂಡಾಕಿ?”

“ತಾಳಿಕೋಟ್ಯಾಗ. ನಮ್ಮವ್ವನ ಮನಿ ಕಟ್ಟಿ ಮ್ಯಾಲ.”

ಮಡಿವಾಳಪ್ಪನ ಬಾಯಿಗೆ ಹೊರಟಿದ್ದ ತುತ್ತು ದಾರಿಯಲ್ಲೇ ನಿಂತಿತು. ಎಳ್ಳಮಾವಾಸ್ಯೆ ಎಂದರೆ ಒಕ್ಕಲುತನದ ಮನೆಗೆ ವರ್ಷದ ದೊಡ್ಡ ದಿನ. ಬಿಳಿಜೋಳ ಎದೆಯುದ್ದ ನಿಂತ ಹೊಲಕ್ಕೆ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೋಗಿ, ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಪೂಜೆ ಮಾಡಿ, ಭೂಮಿತಾಯಿಗೆ ಚರಗ ಚೆಲ್ಲಿ (ಅಂದರೆ ಮಾಡಿದ ಅಡುಗೆಯನ್ನು ಬೆಳೆಯೊಳಗೆ ನಾಲ್ಕೂ ದಿಕ್ಕಿಗೆ ಎರಚಿ), ಅಕ್ಕಪಕ್ಕದ ಹೊಲದವರನ್ನು ಕೂಗಿ ಕರೆದು ಜೊತೆಗೆ ಕೂತು ಉಣ್ಣುವ ದಿನ. ಅಂಥ ದಿನ ಸೊಸೆ ತವರಿನ ಕಟ್ಟೆಯ ಮೇಲೆ ಕುಳಿತರೆ, ಇಲ್ಲಿ ಬದುವಿನ ಮೇಲೆ ಕುಳಿತವರು ಏನೇನು ಮಾತಾಡುತ್ತಾರೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಬೇರೆಯವರ ಸೊಸೆಯರ ಬಗ್ಗೆ ಅಂಥ ಮಾತನ್ನು ಅವನೂ ಆಡಿದ್ದ.

“ಹಬ್ಬದ ಅಡಗಿ ಅಂದ್ರ ಖುಷೀಲೆ ಮಾಡೂದು, ಸುವರ್ಣಾ.”

“ಹೌದ್ರಿ. ಖುಷಿ ನಿಮಗ, ಅಡಗಿ ನನಗ. ಸಜ್ಜಿ ರೊಟ್ಟಿ, ಹೋಳಿಗಿ, ಕಡಬು, ಎಣ್ಣಿಗಾಯಿ, ಭಜ್ಜಿ, ಜ್ವಾಳದ ಬಾನ. ಹ್ವಾದ ವರ್ಷ ಹೊಲ್ದಾಗ ಗಾಡಿ ಇಳದದ್ದು ನನಗ ನೆನಪೈತಿ. ಇಳದು ಬನ್ನಿ ಗಿಡಕ್ಕ ಆತು ಕುಂತದ್ದೂ ನೆನಪೈತಿ. ಮತ್ತ ಕಣ್ಣು ಬಿಟ್ಟಾಗ ನೀವೆಲ್ಲಾ ಉಂಡು ಗಾಡಿ ಹತ್ತಾಕತ್ತಿದ್ರಿ. ನಮ್ಮ ಹೊಲ್ದಾಗ ಈ ವರ್ಷ ಏನ್ ಬಿತ್ತ್ಯಾರ ಅಂತ ನಾ ಮಂದಿನ್ನ ಕೇಳಿ ತಿಳ್ಕೊಂಡೆ.”

ಪಡಸಾಲೆಯಲ್ಲಿ ಕುಳಿತು ಶೇಂಗಾ ಸುಲಿಯುತ್ತಿದ್ದ ತಾಯಿ ಸಿದ್ದವ್ವ ಅಲ್ಲಿಂದಲೇ ತನ್ನ ಆಜ್ಞೆ ಹೊರಡಿಸಿದಳು: “ಮಡಿವಾಳ, ಬಾಜೂ ಹೊಲದ ಗೈಬುಸಾಬಗ, ಯಲ್ಲವ್ವಗ ನಾ ಊಟಕ್ಕ ಹೇಳಿ ಆಗೇತಿ. ಆಕಿ ತಾಳಿಕೋಟಿಗರ ಹೋಗ್ಲಿ, ತಾಳಿ ಕಟ್ಟಿದವನರ ಅಡಗಿ ಮಾಡ್ಲಿ. ನನ್ನ ಮಾತು ಹೋಗಬಾರ್ದು.”

ಹೀಗೆ ಎರಡು ಗಟ್ಟಿ ಮಾತುಗಳ ನಡುವೆ ಮಡಿವಾಳಪ್ಪ ಅಡಕೊತ್ತಿನ ಅಡಕೆಯಂತಾಗಿ ಅಂಗಡಿಗೆ ಬಂದು ಕುಳಿತ. ದೇವರು ಅಂಥವರಿಗಾಗಿಯೇ ಗಿರಾಕಿಗಳನ್ನು ಕಳಿಸುತ್ತಾನೆ. ಬಸವನ ಬಾಗೇವಾಡಿಯ ಹುಡುಗನೊಬ್ಬ ಫೋಟೋ ಪ್ರಿಂಟ್ ಹಾಕಿಸಲು ಬಂದ. ಫೋಟೋದಲ್ಲಿ ಅವನೂ ಅವನ ಗೆಳೆಯರೂ ಆಲಮಟ್ಟಿ ಹಿನ್ನೀರಿನ ದಂಡೆಯ ಮೇಲೆ ಟೆಂಟ್ ಹೊಡೆದು, ಕೈಯಲ್ಲಿ ತಗಡಿನ ಡಬ್ಬಿಗಳನ್ನು ಹಿಡಿದು, ಹಲ್ಲು ಕಿರಿದು ನಿಂತಿದ್ದರು.

“ಅಡಗಿ ಯಾರು ಮಾಡಿದ್ರೋ?”

“ಯಾರೂ ಇಲ್ರಿ. ಡಬ್ಬಿ ತೆರದ್ವಿ, ಉಂಡ್ವಿ, ಡಬ್ಬಿ ಹುಗದ್ವಿ.”

ತೆರೆದೆವು, ಉಂಡೆವು, ಹುಗಿದೆವು. ಮಡಿವಾಳಪ್ಪನಿಗೆ ಉಪದೇಶವಾದಂತಾಯಿತು. ಆ ದಿನ ಅಂಗಡಿಗೆ ಬಂದವರು ಆಧಾರ್ ಕಾರ್ಡು ಹಿಡಿದು ಸಾಲಿನಲ್ಲಿ ನಿಂತೇ ಇದ್ದರು. ಇವನು ಮಾತ್ರ ಕಂಪ್ಯೂಟರಿನೊಳಗೆ ತಲೆ ಹಾಕಿ ಡಬ್ಬಿಗಳನ್ನು ಆರಿಸುತ್ತಿದ್ದ. ಎಂಥೆಂಥ ಡಬ್ಬಿಗಳು! ದಾರ ಎಳೆದರೆ ತಾನೇ ಕಾಯುವ ಪಲಾವು. ಡಬ್ಬಿಯೊಳಗೇ ಬೆಂದ ಬ್ರೆಡ್ಡು. ಸೊಳ್ಳೆ ಔಷಧಿಯ ಹಾಗೆ ಬುಸ್ಸೆಂದು ಹೊಡೆಯುವ ದೋಸೆ ಹಿಟ್ಟು. ಪಾಕದಲ್ಲಿ ಮುಳುಗಿದ ಪರದೇಶದ ಹಣ್ಣು. ಮನುಷ್ಯ ಚಂದ್ರನ ಮೇಲೆ ಹೋದದ್ದು ದೊಡ್ಡದಲ್ಲ, ಒಲೆಯ ಮುಂದಿನಿಂದ ಎದ್ದು ಬಂದದ್ದು ದೊಡ್ಡದು ಎಂದು ಅವನಿಗೆ ಅನ್ನಿಸಿತು.

ಮನೆಗೆ ಬಂದವನೇ ಸಾರಿದ: “ಈ ವರ್ಷ ಹೊಲ್ದಾಗ ಕ್ಯಾಂಪ್. ನೀ ಕುರ್ಚಿ ಮ್ಯಾಲ ಕೂಡು, ಸುವರ್ಣಾ. ಒಲಿ ಅನ್ನೂ ಶಬ್ದ ನಿನ್ನ ಕಿವಿಗೆ ಬಿದ್ರ ನನ್ನ ಹೆಸರು ಮಡಿವಾಳಪ್ಪ ಅಲ್ಲ.”

ಸುವರ್ಣಾ ಅವನನ್ನು ಮೇಲಿಂದ ಕೆಳಗೆ ನೋಡಿದಳು. “ಮಾತಂದ್ರ ಮಾತು. ಆದರೂ ನನ್ನ ಬ್ಯಾಗ್ ಜೋಡಿ ತರ್ತೇನಿ. ಯಾರರ ‘ಸುವರ್ಣಾ, ಒಂದೀಟ ಒಲಿ ಹಚ್ಚವಾ’ ಅಂದ್ರ, ಹೊಲದ ಮುಂದ ಹಾಯೂ ತಾಳಿಕೋಟಿ ಬಸ್ಸಿಗೆ ಅಲ್ಲೇ ಕೈ ಮಾಡ್ತೇನಿ.”

ಪಾರ್ಸಲ್ ಬಂತು. ಡಬ್ಬಿಗಳು ಸರಿಯಾಗಿದ್ದವು, ಜೊತೆಗೆ ತರಿಸಿದ್ದ ಟೆಂಟು ಮಾತ್ರ ಪಡಸಾಲೆಯಲ್ಲಿ ಬಿಚ್ಚಿ ನಿಲ್ಲಿಸಿದಾಗ ದೊಡ್ಡ ಛತ್ರಿಯಷ್ಟಿತ್ತು. ಸಿದ್ದವ್ವ ಬಗ್ಗಿ ಒಳಗೆ ಹೋಗಿ, ಹಾಗೆಯೇ ಹಿಂದಕ್ಕೆ ಸರಿದು ಹೊರಗೆ ಬಂದಳು. “ಇದ್ರಾಗ ನಾ ಒಳಗ ಹ್ವಾದ್ರ ಕಾಲು ಹೊರಗ. ಕಾಲು ಒಳಗ ತಗೊಂಡ್ರ ನಾ ಹೊರಗ. ಇದು ಕೋಳಿ ಮುಚ್ಚೂ ಬುಟ್ಟಿ ಐತಿ, ವಾಪಸ್ ಕೊಡು.”

ಮಡಿವಾಳಪ್ಪ ಎದೆಗುಂದಲಿಲ್ಲ. ಶಾಮಿಯಾನಾ ಅಂಗಡಿಯ ಮಶಾಕಸಾಬನಲ್ಲಿಗೆ ಓಡಿದ. ಬಣ್ಣದ ಪರದೆಗಳೆಲ್ಲ ಮದುವೆಗಳಿಗೆ ಹೋಗಿಬಿಟ್ಟಿದ್ದವು; ಬಿಳಿಯದೊಂದೇ ಉಳಿದಿತ್ತು. “ಬಿಳೇದು ನಡಿತೈತೇನ್ರಿ?” ಎಂದು ಮಶಾಕಸಾಬ ಸ್ವಲ್ಪ ಅನುಮಾನದಿಂದ ಕೇಳಿದ. “ಬಿಸಲಿಗೆ ಬಿಳೇದ ಛಲೋ,” ಎಂದ ಮಡಿವಾಳಪ್ಪ, ಶಾಸ್ತ್ರೋಕ್ತವಾಗಿ.

ಅಮಾವಾಸ್ಯೆಯ ಬೆಳಿಗ್ಗೆ ಸಿಂದಗಿ ರಸ್ತೆಯ ಪಕ್ಕದ ಅವರ ಹೊಲದಲ್ಲಿ, ಬನ್ನಿ ಗಿಡದ ಪಕ್ಕಕ್ಕೆ ಬಿಳಿಯ ಶಾಮಿಯಾನಾ ಎದ್ದು ನಿಂತಿತು. ಅದರ ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳು. ಒಂದರ ಮೇಲೆ ಸುವರ್ಣಾ, ಅವಳ ಮಗ್ಗುಲಿಗೆ ಅವಳ ತಾಳಿಕೋಟಿ ಬ್ಯಾಗು. ಸುತ್ತಲಿನ ಹೊಲಗಳಿಂದೆಲ್ಲ ಒಲೆಯ ಹೊಗೆ ಏಳುತ್ತಿತ್ತು. ಗೈಬುಸಾಬನ ಹೊಲದಿಂದ, ಕಾಳು ಸೊಪ್ಪು ಕೂಡಿಸಿ ಕುದಿಸಿದ ಭಜ್ಜಿಯ ಒಗ್ಗರಣೆಯ ವಾಸನೆ ಬದು ದಾಟಿ ಬಂದು ಕುಳಿತಿತ್ತು. ಇವರ ಹೊಲ ಮಾತ್ರ ಹೊಗೆಯಿಲ್ಲದೆ, ಮಸಿಯಿಲ್ಲದೆ, ಇಪ್ಪತ್ತೊಂದನೆಯ ಶತಮಾನದಲ್ಲಿ ನಿಂತಿತ್ತು.

ಮಡಿವಾಳಪ್ಪ ಮೊದಲು ಸಲಿಕೆ ಹಿಡಿದು ಡಬ್ಬಿ ಹುಗಿಯಲು ಒಂದು ಕುಣಿ ತೋಡಿದ. ಓದಿದವನು ತೋಡಿದ ಕುಣಿಯಾದ್ದರಿಂದ ನಾಲ್ಕೂ ಮೂಲೆ ಚೌಕವಾಗಿತ್ತು. ಆಮೇಲೆ ಡಬ್ಬಿಗಳ ಉದ್ಘಾಟನೆ.

ಮೊದಲನೆಯದು ಬ್ರೆಡ್ಡು. ಉಂಗುರ ಎಳೆದು ಬೋರಲು ಹಾಕಿ ತಟ್ಟಿದಾಗ ‘ಪುಳಕ್’ ಎಂದು ಡಬ್ಬಿಯ ಆಕಾರದಲ್ಲೇ, ಡಬ್ಬಿಯ ಗೆರೆಗಳ ಸಮೇತ ಹೊರಗೆ ಬಂದು ನಿಂತಿತು.

“ಇದನ್ನ ತಿನ್ನೂದೋ, ಹೊಲ್ದಾಗ ಉರುಳಸೂದೋ?” ಎಂದಳು ಸಿದ್ದವ್ವ.

“ಮುರದು ತಿನ್ನು, ಬೇ.”

ಅವಳು ಮುರಿದು ತಿಂದಳು. ಬಹಳ ಹೊತ್ತು ಅಗಿದಳು. “ತಮ್ಮಾ, ಇದಕ್ಕ ರುಚಿ ಐತ್ಯೋ ಇಲ್ಲೋ ಅಂತ ನೋಡಾಕ ಹಾದಿ ಕಾಯಾಕತ್ತೇನಿ. ಇನ್ನೂ ಬಂದಿಲ್ಲ.”

ಎರಡನೆಯದು ಪಲಾವು. ದಾರ ಎಳೆದೊಡನೆ ಡಬ್ಬಿ ಹಾವಿನಂತೆ ಬುಸುಗುಟ್ಟಿ, ಬುಡದಿಂದ ಉಗಿ ಬಿಡತೊಡಗಿತು. ಸಿದ್ದವ್ವ ಕುರ್ಚಿಸಮೇತ ಹಿಂದಕ್ಕೆ ಸರಿದಳು. “ಬೆಂಕಿ ಇಲ್ಲ, ಉರಿ ಇಲ್ಲ, ಹೊಟ್ಟಿ ಒಳಗ ಕುದಿಯಾಕತ್ತೈತಲ್ಲೋ. ಇದು ಯಾರದೋ ಮ್ಯಾಲ ಸಿಟ್ಟಿನ್ಯಾಗ ಐತಿ.” ಸುವರ್ಣಾ ಮಾತ್ರ ಚಿಕ್ಕ ಹುಡುಗಿಯ ಹಾಗೆ ಚಪ್ಪಾಳೆ ತಟ್ಟಿದಳು. “ಇನ್ನೊಂದು ಎಳೀರಿ, ಇನ್ನೊಂದು ಎಳೀರಿ,” ಎಂದು ಹಟ ಹಿಡಿದಳು. ಆ ಚಪ್ಪಾಳೆಗಾಗಿ ಮಡಿವಾಳಪ್ಪ ಪಲಾವಿನ ಡಬ್ಬಿಗಳ ದಾರವನ್ನೆಲ್ಲ ಎಳೆದುಬಿಟ್ಟ. ರುಚಿಗೆ ಅವಳು ಸಾಲಿ ಮಾಸ್ತರಿಣಿಯ ಹಾಗೆ ಅಂಕ ಕೊಟ್ಟಳು: “ಬಿಸಿ ಆಗೂದಕ್ಕ ನೂರಕ್ಕ ನೂರು. ಉಪ್ಪಿಗೆ ಜಸ್ಟ್ ಪಾಸ್. ಅಕ್ಕಿ ಮಾತ್ರ ಫೇಲ್ ಆಗೇತ್ರಿ. ಆದ್ರ ನಾ ಮಾಡಿಲ್ಲಲ್ಲ, ಅದಕ್ಕ ಗ್ರೇಸ್ ಮಾರ್ಕ್ಸ್.”

ದೋಸೆ ಹಿಟ್ಟಿನ ಡಬ್ಬಿ ತೆಗೆದಾಗ ಒಂದು ತಾತ್ವಿಕ ಸಮಸ್ಯೆ ಎದ್ದಿತು. ಹಿಟ್ಟು ಡಬ್ಬಿಯಿಂದ ಬರುತ್ತದೆ, ಹಂಚು? ಒಲೆ ನಿಷಿದ್ಧ. ಮಡಿವಾಳಪ್ಪ ಬಿಸಿಲಿಗೆ ಕಾದ ಹಾಸುಗಲ್ಲನ್ನು ನೋಡಿ, ಅದರ ಮೇಲೆ ಗುಂಡಗೆ ಬುಸ್ಸೆನ್ನಿಸಿದ. ಮಾರ್ಗಶಿರ ಮಾಸದ ಬಿಸಿಲು ದೋಸೆಗೆ ಸಾಲಲಿಲ್ಲ, ಇರುವೆಗಳಿಗೆ ಸಾಕಾಯಿತು.

ಕೊನೆಗೆ ಹಣ್ಣಿನ ಡಬ್ಬಿ. ಸಿದ್ದವ್ವ ಅನುಮಾನದಿಂದಲೇ ಒಂದು ಹೋಳು ಬಾಯಿಗಿಟ್ಟಳು. ಮುಖ ಅರಳಿತು. “ಯವ್ವಾ, ಇದು ಯಾವ ಊರ ಹಣ್ಣೋ? ಮಾವಿನಂಗ ಐತಿ, ಮಾವು ಅಲ್ಲ. ಕೂಸಿನ ಗಲ್ಲ ಇದ್ದಂಗ ಮೆತ್ತಗೈತಿ.” ಇನ್ನೊಂದು ಹೋಳು ಹೋಯಿತು. ಮತ್ತೊಂದು ಹೋಯಿತು. ಹಣ್ಣು ಮುಗಿದ ಮೇಲೆ ಡಬ್ಬಿ ಎತ್ತಿ ಪಾಕವನ್ನು ತೀರ್ಥದಂತೆ ಗಟಗಟ ಕುಡಿದು, “ಈಗ ನನ್ನ ಯಾರೂ ಮಾತಾಡಸಬ್ಯಾಡ್ರಿ,” ಎಂದು ಶಾಮಿಯಾನಾದ ಕೆಳಗೆ ಚಾಪೆ ಹಾಸಿ, ನೊಣಕ್ಕೆಂದು ಬಿಳಿಯ ಚಾದರವನ್ನು ಮುಖದ ತನಕ ಎಳೆದುಕೊಂಡು ಮಲಗಿಬಿಟ್ಟಳು.

ಮಡಿವಾಳಪ್ಪ ಆನಂದದಿಂದ ಕುಣಿಯ ಅಂಚು ಸರಿಮಾಡುತ್ತ ನಿಂತಿದ್ದಾಗ ನೆರೆಯ ಹೊಲದವರು ಬರುವುದು ಕಾಣಿಸಿತು. ಮುಂದೆ ಗೈಬುಸಾಬ, ಹಿಂದೆ ಅವನ ಹೆಂಡತಿ ಕೌಸರ. ಇನ್ನೊಂದು ಬದುವಿನಿಂದ ರಾವಸಾಬ ಮತ್ತು ಅವನ ಹೆಂಡತಿ ಯಲ್ಲವ್ವ. ಹೆಂಗಸರ ತಲೆಯ ಮೇಲೆ ಬಟ್ಟೆ ಮುಚ್ಚಿದ ಬುಟ್ಟಿ, ಕೈಯಲ್ಲಿ ಬೋಗುಣಿ. ಯಾರೂ ಮಾತಾಡುತ್ತಿರಲಿಲ್ಲ. ಡಬ್ಬಿಗಳ ಕೀರ್ತಿ ಇಷ್ಟು ಬೇಗ ಹಬ್ಬಿ, ನೋಡಲು ಭಕ್ತಿಯಿಂದ ಬರುತ್ತಿದ್ದಾರೆ ಎಂದು ಮಡಿವಾಳಪ್ಪ ಹಿಗ್ಗಿದ.

ಗೈಬುಸಾಬ ನೆಟ್ಟಗೆ ಬಂದು ಅವನ ಎರಡೂ ಕೈ ಹಿಡಿದುಕೊಂಡ. “ಧೈರ್ಯ ತಗೋ, ಮಡಿವಾಳ.”

“ಧೈರ್ಯ ಯಾಕ, ಕಾಕಾ? ಎಲ್ಲಾ ಭಾಳ ಸರಳ ಆತು. ದಾರ ಎಳಿಯೂದೊಂದ ತಡ.”

“ಸರಳ ಆತಂದ್ರ ಪುಣ್ಯವಂತಿ.” ಗೈಬುಸಾಬ ಕುಣಿಯನ್ನು ನೋಡಿದ. “ಒಬ್ಬನ ತೋಡ್ದಿ? ನಮಗೊಂದು ಮಾತು ಹೇಳಬಾರ್ದಾ? ನಾವೇನ್ ಸತ್ತಿದ್ವಿ?”

“ಇದೇನ್ ದೊಡ್ಡದ್ರಿ, ಇನ್ನೂ ಒಂದೀಟ ಆಳ ಮಾಡೂದೈತಿ.”

ಅಷ್ಟರಲ್ಲಿ ಕೌಸರ ಹೋಗಿ ಸುವರ್ಣಾಳನ್ನು ತಬ್ಬಿಕೊಂಡಿದ್ದಳು. “ತವರಿನಿಂದ ಹಂಗ ಓಡಿ ಬಂದೀ ಏನವಾ? ಬ್ಯಾಗ್ ಸೈತ ಬಿಚ್ಚಿಲ್ಲಲ್ಲ.” ಸುವರ್ಣಾ ಒಂದು ಗಳಿಗೆ ಕಣ್ಣು ಕಿರಿದು ಮಾಡಿ ಬ್ಯಾಗು ನೋಡಿದಳು, ಬಿಳಿಯ ಶಾಮಿಯಾನಾ ನೋಡಿದಳು, ಚಾದರ ಹೊದ್ದ ಅತ್ತೆಯನ್ನು ನೋಡಿದಳು, ಚೌಕನೆಯ ಕುಣಿಯನ್ನು ನೋಡಿದಳು. ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅವಳ ಭುಜಗಳು ಗದಗದ ಅಲುಗತೊಡಗಿದವು. “ಅಳಬ್ಯಾಡವಾ, ಅಳಬ್ಯಾಡ,” ಎಂದು ಕೌಸರ ಬೆನ್ನು ಸವರಿದಳು. (ಸುವರ್ಣಾ ಅಳುತ್ತಿರಲಿಲ್ಲ.)

ಮಡಿವಾಳಪ್ಪನಿಗೆ ಆಗಲೂ ಬೆಳಕು ಬೀಳಲಿಲ್ಲ. ಸತ್ತವರ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ನೆರೆಹೊರೆಯವರೇ ಅಡುಗೆ ಮಾಡಿ ತಂದು ಉಣಿಸುತ್ತಾರೆ. ಮಡಿವಾಳಪ್ಪನ ಮಂದಿಯಲ್ಲಿ ಸತ್ತವರನ್ನು ತಮ್ಮ ತಮ್ಮ ಹೊಲದಲ್ಲೇ ಮಣ್ಣು ಮಾಡುತ್ತಾರೆ. ಊರಿಗೆಲ್ಲ ಗೊತ್ತಿದ್ದ ಈ ಸಂಗತಿ ಮಡಿವಾಳಪ್ಪನಿಗೂ ಗೊತ್ತಿತ್ತು. ಆದರೆ ಇಪ್ಪತ್ತೊಂದನೆಯ ಶತಮಾನದಲ್ಲಿ ನಿಂತವನಿಗೆ ತನ್ನ ಹೊಲ ಬದುವಿನ ಆಚೆಯಿಂದ ಹೇಗೆ ಕಾಣುತ್ತದೆಂದು ಹೊಳೆದಿರಲಿಲ್ಲ. ಸುತ್ತಲೂ ಹೊಗೆ, ಇದೊಂದರಲ್ಲೇ ಇಲ್ಲ. ಹಬ್ಬದ ದಿನ ಬಿಳಿಯ ಪೆಂಡಾಲು. ಒಳಗೆ ಕುರ್ಚಿ. ಪಕ್ಕದಲ್ಲಿ ಕುಣಿ.

ಯಲ್ಲವ್ವ ಬುಟ್ಟಿ ಇಳಿಸಿದವಳೇ ಚಾದರದ ಮಗ್ಗುಲಿಗೆ ಕುಸಿದು, ಹಾಡಿಕೊಂಡು ಅಳಲು ಶುರುಮಾಡಿದಳು. ಸತ್ತವರ ಗುಣ ಎತ್ತಿ ಹಾಡುವುದರಲ್ಲಿ ಅವಳದು ದೊಡ್ಡ ಹೆಸರು. ಇಂಡಿಯಿಂದ ಚಡಚಣದ ತನಕ ಅವಳನ್ನು ಕರೆಯುತ್ತಿದ್ದರು.

“ಎಲ್ಲಿ ಹ್ವಾದೆವ್ವಾ ನಮ್ಮಕ್ಕಾ... ಹೋಳಿಗಿ ಹೂರಣದ ಹದ ಇನ್ನ ಯಾರನ್ನ ಕೇಳಲೇ ನಮ್ಮಕ್ಕಾ... ನನ್ನ ಬಾಣಂತನಕ್ಕ ನೀರು ಕಾಸಿದಾಕಿ... ಊರಿಗೆ ಉಣ್ಣಸಿ ಕಡೀಕ ಉಂಡಾಕಿ...”

ಮಡಿವಾಳಪ್ಪನ ಕೈಯಿಂದ ಸಲಿಕೆ ಜಾರಿತು. ‘ಇಲ್ಲ’ ಎನ್ನಲು ಬಾಯಿ ತೆರೆದ. ಆಗ ಚಾದರದ ತುದಿಯಲ್ಲಿ ತಾಯಿಯ ಕಾಲಿನ ಹೆಬ್ಬೆರಳು ಅಲುಗಿದ್ದು ಕಂಡಿತು. ಸಿದ್ದವ್ವ ಎಚ್ಚರವಾಗಿದ್ದಳು. ಎಚ್ಚರವಾಗಿ, ಕದಲದೆ, ತನ್ನ ಗುಣಗಾನವನ್ನು ಕಿವಿತುಂಬ ಕೇಳುತ್ತಿದ್ದಳು. ಬದುಕಿದ್ದಾಗ ಇಷ್ಟು ಒಳ್ಳೆಯ ಮಾತು ಅವಳ ಬಗ್ಗೆ ಯಾರೂ ಆಡಿರಲಿಲ್ಲ. ಅದನ್ನು ನಡುವೆ ತಡೆಯಲು ಅವಳಿಗೆ ಮನಸ್ಸಿರಲಿಲ್ಲ.

“ಒಬ್ಬರಿಗೂ ಒಂದು ಬಿರುಸು ಮಾತು ಆಡದಾಕಿ...” ಎಂದು ಯಲ್ಲವ್ವ ಮುಂದುವರಿಸಿದಳು. ರಾವಸಾಬ ಮತ್ತು ಗೈಬುಸಾಬ ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ನನ್ನ ತಾಂಬ್ರದ ಕೊಡ ಒಯ್ದು ತಿರುಗಿ ಕೊಡೂದು ಮರತಾಕಿ... ನಾ ಒಂದಿನಾನೂ ಕೇಳಲಿಲ್ಲ ನಮ್ಮಕ್ಕಾ...”

ಚಾದರ ಹಾರಿಹೋಯಿತು.

“ಯಾವ ಕೊಡ?” ಸಿದ್ದವ್ವ ನೆಟ್ಟಗೆ ಎದ್ದು ಕುಳಿತಳು. “ಯಲ್ಲವ್ವಾ, ಆ ಕೊಡ ಹ್ವಾದ ದೀಪಾವಳಿಗೆ ನಿನ್ನ ಗಂಡ ಬಂದು ಒಯ್ದಾನ. ಅಂವನ್ನ ಕೇಳು, ಎಲ್ಲಿ ಮಾರ್ಯಾನ ಅಂತ.”

ಸತ್ತವಳು ಎದ್ದ ಭಯಕ್ಕೋ, ಕೊಡದ ಸುದ್ದಿ ಎದ್ದ ಭಯಕ್ಕೋ, ರಾವಸಾಬ ಎರಡು ಹೆಜ್ಜೆ ಹಿಂದಕ್ಕಿಟ್ಟು ಚೌಕನೆಯ ಕುಣಿಯೊಳಗೆ ಅಚ್ಚುಕಟ್ಟಾಗಿ ಕುಳಿತುಬಿಟ್ಟ.

ಆಮೇಲಿನ ಗದ್ದಲ ಇಳಿಯಲು ಬಹಳ ಹೊತ್ತು ಹಿಡಿಯಿತು. ಯಲ್ಲವ್ವ ಅತ್ತದ್ದಕ್ಕಿಂತ ಹೆಚ್ಚು ಹೊತ್ತು ಮಡಿವಾಳಪ್ಪನನ್ನು ಬೈದಳು. ಗೈಬುಸಾಬ ಕುರ್ಚಿಯ ಮೇಲೆ ಕುಸಿದು ನಕ್ಕ, ಎದ್ದು ನಿಂತು ಮತ್ತೆ ನಕ್ಕ. “ನಾ ಅಲ್ಲಿಂದ ನೋಡಾಕತ್ತೇನಿ, ಮಡಿವಾಳ. ಹೊಗಿ ಇಲ್ಲ. ಬಿಳೆ ಪೆಂಡಾಲ. ನೀ ಕುಣಿ ತೋಡಾಕತ್ತಿ. ಮತ್ತ ನಾ ಏನ್ ತಿಳ್ಕೋಬೇಕೋ, ಬಾವಿ ತೋಡಾಕತ್ತೀ ಅಂತ ತಿಳ್ಕೋಬೇಕಾ?”

ಸಾವಿನ ಮನೆಗೆಂದು ತಂದ ಬುಟ್ಟಿಗಳು ಬಿಚ್ಚಿಕೊಂಡವು. ಭಜ್ಜಿ, ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಸುವರ್ಣಾ ಕುರ್ಚಿಯ ಮೇಲೇ ಕುಳಿತು, ಬೇರೆಯವರ ಕೈಯ ಬಿಸಿ ಅಡುಗೆಯನ್ನು ಕಣ್ಣು ಮುಚ್ಚಿ ಉಂಡಳು. ಅತಿಥಿಗಳು ಮಡಿವಾಳಪ್ಪನ ಮರ್ಯಾದೆಗೆಂದು ಡಬ್ಬಿಗಳನ್ನೂ ರುಚಿ ನೋಡಿದರು. ಕುಣಿಯಿಂದ ಎದ್ದು ಬಂದ ರಾವಸಾಬ ಬ್ರೆಡ್ಡು ಅಗಿದು, “ಕೆಟ್ಟಿಲ್ಲ. ಛಲೋನೂ ಇಲ್ಲ. ಸುಮ್ನ ಐತಿ,” ಎಂದ. ಗೈಬುಸಾಬನಿಗೆ ಪಲಾವಿಗಿಂತ ಪಲಾವಿನ ದಾರದ ಮೇಲೆ ಮೋಹ ಹುಟ್ಟಿತು. ಖಾಲಿ ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿ, “ಬೆಳಗಿನ್ಯಾಗ ನೀರು ಬಿಡಾಕ ಬಂದಾಗ ಇದ್ರಾಗ ಚಾ ಕಾಸಾಕ ಬರ್ತೈತೇನ?” ಎಂದ.

ಎಲ್ಲ ಸುಖಾಂತವಾಯಿತು ಎಂದು ಮಡಿವಾಳಪ್ಪ ಮೀಸೆ ತಿರುವುತ್ತಿದ್ದ. ಹೊತ್ತು ಇಳಿಯತೊಡಗಿದಾಗ ಕೌಸರ ಮತ್ತು ಯಲ್ಲವ್ವ ತಮ್ಮ ಬುಟ್ಟಿ ಬೋಗುಣಿ ಎತ್ತಿಕೊಳ್ಳಲು ಬಗ್ಗಿದರು.

“ಇಡ್ರಿ ಕೆಳಗ,” ಎಂದಳು ಸಿದ್ದವ್ವ. ದನಿ ತಣ್ಣಗಿತ್ತು. “ಖಾಲಿ ಬೋಗುಣಿ ಒಯ್ಯಾಕತ್ತೀರಿ? ಸತ್ತವರ ಮನಿಯಿಂದ ಪಾತ್ರಿ ಖಾಲಿ ಹೋಗ್ತಾವು. ಬದುಕಿದ ಮನಿಯಿಂದ ತುಂಬಿ ಹೋಗ್ತಾವು. ನಾ ಇನ್ನೂ ಕುಂತೇನಿ.”

ಹೆಂಗಸರು ಬೋಗುಣಿ ಕೆಳಗಿಟ್ಟರು. ಇದರಲ್ಲಿ ತಮಾಷೆಯಿರಲಿಲ್ಲ. ಆ ಪಾತ್ರೆಗಳು ಹಾಗೆಯೇ ಹೋದರೆ ಸಿದ್ದವ್ವ ರಾತ್ರಿಯೆಲ್ಲ ತನ್ನ ಸಾವನ್ನೇ ನೆನೆಯುತ್ತ ಕೂಡುವವಳು. ಮೇಲಾಗಿ ಭೂಮಿತಾಯಿಗೆ ಇನ್ನೂ ಚರಗ ಚೆಲ್ಲಿರಲಿಲ್ಲ. ಅದಕ್ಕೂ ತಮ್ಮ ಹೊಲದಲ್ಲಿ ಬೆಂದದ್ದೇ ಬೇಕು.

ಮಡಿವಾಳಪ್ಪ ಓಡಿ ಹೋಗಿ ಒಂದು ಡಬ್ಬಿ ಪಲಾವು ತಂದು ಯಲ್ಲವ್ವನ ಬೋಗುಣಿಗೆ ಸುರಿಯಹೋದ. ಯಲ್ಲವ್ವ ಬೋಗುಣಿಯ ಮೇಲೆ ಸೆರಗು ಹಿಡಿದಳು. “ಬ್ಯಾಡೋ ತಮ್ಮಾ. ನಾ ಅತ್ತಿದ್ದ ಸಾಕು.”

ಎಲ್ಲರ ಕಣ್ಣೂ ಮೆಲ್ಲಗೆ ಸುವರ್ಣಾಳ ಕಡೆ ತಿರುಗಿದವು. ದೂರದಲ್ಲಿ ಸಿಂದಗಿ ರಸ್ತೆಯ ಮೇಲೆ ತಾಳಿಕೋಟಿ ಬಸ್ಸಿನ ಹಾರನ್ನು ಕೇಳಿಸಿತು. ಸುವರ್ಣಾ ಎದ್ದಳು. ಅವಳ ಒಂದು ಕೈ ಬ್ಯಾಗಿನ ಹಿಡಿಕೆಯ ಮೇಲಿತ್ತು. ಇನ್ನೊಂದು ಕೈ, ತನಗೆ ತಿಳಿಯದ ಹಾಗೆ, ಸೆರಗನ್ನು ಸೊಂಟಕ್ಕೆ ಸಿಗಿಸುತ್ತಿತ್ತು. ರೊಟ್ಟಿ ಬಡಿಯಲು ಕೂಡುವಾಗ ಅವಳು ಹಾಗೆಯೇ ಸಿಗಿಸುತ್ತಿದ್ದಳು. ಅದನ್ನು ಮಡಿವಾಳಪ್ಪ ಕಂಡ. ಬೆಳಿಗ್ಗೆ ಚಪ್ಪಾಳೆ ತಟ್ಟಿದ ಕೈಗಳು ಅವು.

“ಕೂಡು ನೀ,” ಎಂದ ಅವನು. “ರೊಟ್ಟಿ ನಾ ಮಾಡ್ತೇನಿ.”

ಬಸ್ಸು ಬಂತು, ಹೋಯಿತು. ಯಾರೂ ಅದರ ಕಡೆ ನೋಡಲಿಲ್ಲ. ಅಂಥ ಮಾತು ಆ ಬದುವಿನ ಸುತ್ತಮುತ್ತ ಯಾವ ಗಂಡಸಿನ ಬಾಯಿಂದಲೂ ಬಂದಿರಲಿಲ್ಲ.

ಗೈಬುಸಾಬ ತನ್ನ ಒಲೆಯಿಂದ ಕೆಂಡ ತಂದ, ಕೌಸರ ಜೋಳದ ಹಿಟ್ಟನ್ನೂ ಹಂಚನ್ನೂ ಹಿಟ್ಟು ನಾದುವ ಕೊಣಮಿಗೆಯನ್ನೂ ತಂದಳು. ಮೂರು ಕಲ್ಲಿನ ಒಲೆ ಹೊತ್ತಿತು. ಮಡಿವಾಳಪ್ಪ ಅಂಗಿಯ ತೋಳು ಮಡಚಿ ಹಿಟ್ಟಿಗೆ ತಣ್ಣೀರು ಸುರಿಯಹೋದ.

“ಕುದಿ ನೀರ್ರಿ,” ಎಂದಳು ಸುವರ್ಣಾ ಕುರ್ಚಿಯಿಂದ. “ಜ್ವಾಳದ ಹಿಟ್ಟು ಅದು, ಸಿಮೆಂಟ್ ಅಲ್ಲ.”

ಕುದಿಯುವ ನೀರಿಗೆ ಅವನ ಬೆರಳು ತಾಗಿ, ಬಾಯಿಂದ ಬಂದ ಸ್ವರ ಯಲ್ಲವ್ವನ ಹಾಡನ್ನೂ ಮೀರಿಸಿತು.

“ತಟ್ರಿ, ಬಡೀಬ್ಯಾಡ್ರಿ. ಅದು ನಿಮಗೇನ್ ಅನ್ಯಾಯ ಮಾಡೇತಿ?”

“ಗುಂಡಗ ಆಗವಲ್ದು, ಸುವರ್ಣಾ.”

“ಕೈ ತಿರುವ್ರಿ. ಕೈ ಅಂದ್ರ ಕೈ, ಸೊಂಟ ಅಲ್ಲ.”

ಮೊದಲನೆಯ ರೊಟ್ಟಿ ಕರ್ನಾಟಕದ ನಕಾಶೆಯ ಹಾಗೆ ಆಗಿ, ಹಂಚಿಗೆ ಏರುವಾಗ ಬೀದರು ಹರಿದುಹೋಯಿತು. ಸಿದ್ದವ್ವ ಅದನ್ನೇ ತೆಗೆದುಕೊಂಡು, “ಭೂಮಿತಾಯಿ ಆಕಾರ ನೋಡಂಗಿಲ್ಲ, ಮನಸ್ಸು ನೋಡ್ತಾಳ,” ಎಂದು ಮುರಿದು ಮಜ್ಜಿಗೆಯಲ್ಲಿ ಕಲಸಿ, ಜೋಳದ ಸಾಲುಗಳ ನಡುವೆ ಕೂಗುತ್ತ ಚರಗ ಚೆಲ್ಲಿ ಬಂದಳು. ಎರಡನೆಯದು ದಪ್ಪವಾಯಿತು. ಅದರ ಮುಂದಿನದು ಒಂದು ಕಡೆ ಕರಿ, ಇನ್ನೊಂದು ಕಡೆ ಹಸಿ. ಹೊಗೆಗೆ ಕಣ್ಣು ಉರಿದು, ಮೂಗು ಸುರಿದು, ಮೊಳಕಾಲು ಜೋಮು ಹಿಡಿದು ಮಡಿವಾಳಪ್ಪ ಹಿಟ್ಟಿನ ಗೊಂಬೆಯಾದ. ಅಷ್ಟರಲ್ಲಿ ಸುದ್ದಿ ಹಬ್ಬಿ, ಇನ್ನೂ ದೂರದ ಹೊಲಗಳವರೂ ಬದುವಿನ ಮೇಲೆ ಸಾಲಾಗಿ ಬಂದು ಕುಳಿತಿದ್ದರು. ಡಬ್ಬಿಗಳ ಕಡೆ ಒಬ್ಬರೂ ತಿರುಗಿ ನೋಡಲಿಲ್ಲ.

ಆಮೇಲೆ ಒಂದು ರೊಟ್ಟಿ, ಯಾವ ಪುಣ್ಯದಿಂದಲೋ, ಕೆಂಡದ ಮುಂದೆ ನಿಲ್ಲಿಸಿದೊಡನೆ ಪೂರ್ತಿ ಉಬ್ಬಿತು. ಚೆಂಡಿನ ಹಾಗೆ ಉಬ್ಬಿತು.

“ಉಬ್ಬಿತು! ಸುವರ್ಣಾ, ಉಬ್ಬಿತ ನೋಡ!” ಮಡಿವಾಳಪ್ಪ ಆ ರೊಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು, ಸುಡುವುದನ್ನೂ ಮರೆತು, ಗೈಬುಸಾಬನಿಗೆ ತೋರಿಸಿದ, ರಾವಸಾಬನಿಗೆ ತೋರಿಸಿದ, ಬದುವಿನ ಮೇಲಿದ್ದವರಿಗೆಲ್ಲ ತೋರಿಸಿಕೊಂಡು ಬಂದ. ದಾರ ಎಳೆದು ಪಲಾವು ಕುದಿಸಿದಾಗ ಅವನಿಗೆ ಇದರ ಕಾಲುಭಾಗ ಆನಂದವೂ ಆಗಿರಲಿಲ್ಲ. ಪಾತ್ರೆಗಳಿಗೆ ಬೇಕಾದಷ್ಟು ಆದ ಮೇಲೂ ಅವನು ಒಲೆ ಬಿಟ್ಟು ಏಳಲಿಲ್ಲ. “ಇನ್ನೊಂದೆರಡು ಆಗ್ಲಿ, ಈಗ ಕೈ ಕೂತೈತಿ,” ಎಂದು ಬಡಿಯುತ್ತಲೇ ಹೋದ. ಬಡಿಯುತ್ತ ಮಾತಿಗೂ ಶುರುವಿಟ್ಟ. “ಇದ್ರಾಗೇನೈತಿ ಅಂಥಾ ಕಷ್ಟ, ಕಾಕಾ? ಹೆಣ್ಮಕ್ಳು ಸುಮ್ನ ದೊಡ್ಡದು ಮಾಡ್ತಾರ. ಹಿಟ್ಟಿನ ಹದ ತಿಳದ್ರ ಮುಗೀತು. ನಾ ಅಂತೂ ಊರ ಮಂದಿಗೆ ಬೇಕಾದ್ರೂ ಬಡದು ಹಾಕ್ತೇನಿ.”

ಯಲ್ಲವ್ವ ತನ್ನ ಗಂಡನನ್ನು ಉದ್ದಕ್ಕೆ ನೋಡಿದಳು. ಕೌಸರ ತನ್ನ ಗಂಡನನ್ನು ನೋಡಿದಳು. ಗೈಬುಸಾಬ ತಲೆ ತಗ್ಗಿಸಿ, “ಮಡಿವಾಳ, ಸಾಕು ಬಿಡೋ. ನಾವೂ ಸಂಸಾರ ಮಾಡಬೇಕು,” ಎಂದು ಮೆಲ್ಲಗೆ ಬೇಡಿಕೊಂಡ.

ಬುಟ್ಟಿ ಬೋಗುಣಿಗಳು ತುಂಬಿಕೊಂಡು ಹೋದವು. ಸಿದ್ದವ್ವ ಬದುಕಿದಳು. ಮಡಿವಾಳಪ್ಪ ಕೈ ಕೊಡವಿಕೊಂಡು ತಿರುಗಿ ನೋಡಿದಾಗ ಸುವರ್ಣಾ ಅವನ ಎದುರಿಗೆ ಮೊಬೈಲು ಹಿಡಿದು ನಿಂತಿದ್ದಳು. ಅವಳು ಬಹಳ ಹೊತ್ತಿನಿಂದ ಹಾಗೆಯೇ ನಿಂತಿದ್ದಳು. ಮೊಬೈಲಿನ ಚೌಕದೊಳಗೆ ತಾಳಿಕೋಟಿಯ ಅತ್ತೆಯ ಮುಖ, ಅವಳ ಹಿಂದೆ ಅವಳ ಓಣಿಯ ಹೆಂಗಸರ ಮುಖಗಳು, ಕಟ್ಟೆಯ ಮೇಲೆ ಹತ್ತಿ ಇಣುಕುವವರ ಮುಖಗಳು.

“ಎಲ್ಲಾ ನೋಡಿದ್ವಿ, ಅಳಿಯಾರ,” ಎಂದಳು ಅತ್ತೆ. ಅವಳ ದನಿ ಅಭಿಮಾನದಿಂದ ತುಂಬಿತ್ತು. “ಊರ ಮಂದಿಗೆ ಬಡದು ಹಾಕ್ತೇನಿ ಅಂದ್ರಲ್ಲ, ಅದನ್ನೂ ಕೇಳಿದ್ವಿ. ಇನ್ನ ಸಂಕ್ರಾಂತಿ ಬಂತು. ನಮ್ಮ ಓಣಿ ಹೆಣ್ಮಕ್ಳೆಲ್ಲಾ ಕೂಡಿ ಹ್ವಳಿ ದಂಡಿಗೆ ಬುತ್ತಿ ತಗೊಂಡು ಹೋಗೂದು ಮಾಡೇವಿ.”

“ಭಾಳ ಛಲೋರಿ, ಅತ್ತೀ,” ಎಂದ ಮಡಿವಾಳಪ್ಪ. “ಬುತ್ತಿಗೆ ನೀವು ತ್ರಾಸ ತಗೋಬ್ಯಾಡ್ರಿ. ಆ ದಾರ ಎಳಿಯೂ ಪಲಾವು ನಾ ಇವತ್ತ...”

“ಡಬ್ಬಿ ಗಿಬ್ಬಿ ಏನೂ ತರಬ್ಯಾಡ್ರಿ, ಅಳಿಯಾರ,” ಎಂದಳು ಅತ್ತೆ. “ಎರಡು ಕೈ ತಗೊಂಡು ಬರ್ರಿ, ಸಾಕು.”